ಮೂರನೇ ಮಹಡಿಯ ಒಲೆ

೯ ಫೆಬ್ರವರಿ ೧೯೭೫, ಭಾನುವಾರ

ಸರಸ್ವತಿ ತೀರಿಹೋದ ಮೇಲೆ ಈ ದಿನಚರಿ ಮುಟ್ಟಿರಲಿಲ್ಲ. ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಇವತ್ತೂ ನಡೆದಿಲ್ಲ, ಆದರೆ ಭಾನುವಾರ ಸಾಗುವುದಿಲ್ಲ. ವಾರದ ಉಳಿದ ದಿನ ಫೋರ್ಟಿನ ಆಫೀಸು ನನ್ನನ್ನು ನೋಡಿಕೊಳ್ಳುತ್ತದೆ, ಉಡುಪಿ ಹೋಟೆಲಿನವನು ಊಟ ಹಾಕುತ್ತಾನೆ, ಲೋಕಲ್ ರೈಲು ಚೆಂಬೂರಿಗೆ ತಂದು ಬಿಡುತ್ತದೆ. ಭಾನುವಾರ ಮಾತ್ರ ಈ ಎರಡು ಕೋಣೆ ಮತ್ತು ಒಂದು ಅಡುಗೆಮನೆ. ಅಡುಗೆಮನೆಯ ಬಾಗಿಲು ಹಾಕಿಯೇ ಇಟ್ಟಿದ್ದೇನೆ.

ಪಕ್ಕದ ಮನೆಯವರು ಹೆಂಡತಿಯನ್ನು ನೆನೆದು ಅತ್ತುಬಿಡಿ, ಹಗುರಾಗುತ್ತದೆ ಎಂದು ಹೇಳಿದರು. ಅಳು ಬರಲಿಲ್ಲ. ಬರದಿದ್ದರೆ ಏನು ಮಾಡಬೇಕೆಂದು ಅವರು ಹೇಳಿಲ್ಲ.

೧೨ ಫೆಬ್ರವರಿ, ಬುಧವಾರ

ಆಫೀಸಿಗೆ ಜಯಸಿಂಹ ಎಂಬ ಬೆಂಗಳೂರಿನ ನಿರ್ದೇಶಕ ಬಂದಿದ್ದ. ಸಿನಿಮಾ ಓದಿಕೊಂಡವನಂತೆ, ಕೂದಲೂ ಹಾಗೇ ಬಿಟ್ಟಿದ್ದಾನೆ. ಮಾಲೀಕ ಕಾಪಡಿಯಾ ಅವನ ಒಂದು ಸಾಕ್ಷ್ಯಚಿತ್ರಕ್ಕೆ ಒಪ್ಪಿಕೊಂಡಿದ್ದಾರೆ, ಪರದೇಶದ ಉತ್ಸವಗಳಿಗೆ ಕಳಿಸಬಹುದೆಂಬ ಆಸೆಯಿಂದ. ನಮ್ಮದು ಅಂಥ ಕಂಪನಿ ಅಲ್ಲ. ನಾವು ಮಾಡುವುದು ಸಿನಿಮಾಕ್ಕೆ ಮುಂಚೆ ತೋರಿಸುವ ಚಿಕ್ಕ ಚಿತ್ರಗಳು. ಅವಕ್ಕೆ ಕನ್ನಡ ಕಾಮೆಂಟರಿ ಬರೆದು ಓದುವವನು ನಾನು. ಕರ್ನಾಟಕದ ಯಾವ ಥಿಯೇಟರಿನಲ್ಲಾದರೂ ಮಲೇರಿಯಾ, ಅಲ್ಪ ಉಳಿತಾಯ, ಭತ್ತದ ಹೊಸ ತಳಿ ಎಂದು ಕೇಳಿಸಿದರೆ ಅದು ನನ್ನ ಗಂಟಲು. ಜನ ಬೀಡಿ ಸೇದಲು ಹೊರಗೆ ಹೋಗುವ ಹೊತ್ತು ಅದು.

ಜಯಸಿಂಹನ ಚಿತ್ರದ ವಿಷಯ ಹೀಗಿದೆ. ಅರವತ್ತೊಂಬತ್ತರಲ್ಲಿ ಚೆಂಬೂರಿನ ಒಂದು ಹೌಸಿಂಗ್ ಕಾಲನಿ ಕಟ್ಟಿ ಮುಗಿಯಿತು. ಕಟ್ಟಿದ ಕೂಲಿಯವರ ಗುಡಿಸಲುಗಳು ಅದರ ಹಿಂದೆಯೇ ಇದ್ದವು. ಉದ್ಘಾಟನೆಗೆ ಮಂತ್ರಿ ಬರುತ್ತಾರೆ, ಗುಡಿಸಲು ಕಾಣಬಾರದು ಎಂದು ಹಿಂದಿನ ದಿನ ಅವನ್ನು ಕೆಡವಿದರು. ಮಾರನೆಯ ಬೆಳಿಗ್ಗೆ ಇಟ್ಟಿಗೆ ಹೊತ್ತ ಹೆಂಗಸರೆಲ್ಲ ಬಿಲ್ಡಿಂಗಿನೊಳಗೆ ನುಗ್ಗಿ, ಒಬ್ಬೊಬ್ಬರು ಒಂದೊಂದು ಅಡುಗೆಮನೆಯಲ್ಲಿ ಇಟ್ಟಿಗೆ ಹೂಡಿ, ಒಲೆ ಹಚ್ಚಿ, ರೊಟ್ಟಿ ಬಡಿಯುತ್ತಾ ಕೂತರು. ಘೋಷಣೆಯಿಲ್ಲ, ಬಾವುಟವಿಲ್ಲ. ಮಂತ್ರಿಯ ಕಾರು ಬಂದಾಗ ಎಲ್ಲ ಕಿಟಕಿಗಳಿಂದಲೂ ಹೊಗೆ ಬರುತ್ತಿತ್ತು. ಪೊಲೀಸರು ಎಲ್ಲರನ್ನೂ ಎಳೆದು ಹೊರಗೆ ಹಾಕಿದರು. ಒಬ್ಬಳು ಸತ್ತಳು. ಪತ್ರಿಕೆಯಲ್ಲಿ ‘ಕೂಲಿ ಹೆಂಗಸು ಕಾಲು ಜಾರಿ ಸಾವು’ ಎಂದು ನಾಲ್ಕು ಸಾಲು ಬಂತು. ಅಲ್ಲಿಗೆ ಮುಗಿಯಿತು.

ಆ ಹೆಂಗಸರು ಈಗ ಕುರ್ಲಾದಲ್ಲಿದ್ದಾರೆ, ಬಿಜಾಪುರದ ಕಡೆಯವರು. ಜಯಸಿಂಹನ ಕನ್ನಡ ಕಾನ್ವೆಂಟಿನದು. ನೀವು ಬಂದು ಮಾತಾಡಿಸಿ ಎಂದ. ಭಾನುವಾರಗಳಲ್ಲಿ ಎನ್ನುವುದಾದರೆ ಆಗಲಿ ಎಂದೆ. ಯಾವ ಕಾಲನಿ ಎಂದು ಕೇಳಿದೆ. ಹೇಳಿದ. ನಾನು ಅಲ್ಲಿಯೇ ಇರುವುದು ಎಂದೆ, ಮೂರನೇ ಮಹಡಿ. ಅವನು ಕುರ್ಚಿ ಬಿಟ್ಟೆದ್ದು ಕುಣಿದಾಡಿದ. ನನಗೆ ಏನೂ ಅನ್ನಿಸಲಿಲ್ಲ.

೧೬ ಫೆಬ್ರವರಿ, ಭಾನುವಾರ

ಕುರ್ಲಾಕ್ಕೆ ಹೋಗಿದ್ದೆವು. ಹಾಲವ್ವ ಎಂಬವಳು ಮಾತಾಡಿದಳು. ಐವತ್ತು ಇರಬಹುದು, ಸತ್ತವಳ ಅಕ್ಕ, ಈಗಲೂ ಕಟ್ಟಡದ ಕೆಲಸವೇ. ನಾನು ಬಾಯಿ ತೆರೆದ ಕೂಡಲೇ ಸುತ್ತ ಕೂತ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ರೇಡಿಯೋ ಬಂದು ಮನೆಯೊಳಗೆ ಕೂತಿದೆ ಎಂದಳು ಒಬ್ಬಳು.

ಒಲೆ ಯಾಕೆ ಹಚ್ಚಿದಿರಿ ಎಂದು ಕೇಳಿದೆ. ಇಷ್ಟೂ ತಿಳಿಯದೆ ಎಂಬಂತೆ ನೋಡಿದಳು. ಅವರ ಊರಲ್ಲಿ ಹೊಸ ಮನೆಗೆ ಮೊದಲ ಒಲೆ ಹಚ್ಚಿದವಳೇ ಆ ಮನೆಯ ಹೆಣ್ಣುಮಗಳಂತೆ. ಒಲೆಯ ಮೇಲೆ ರೊಟ್ಟಿಯ ಹೆಂಚು ಇರುವಷ್ಟು ಹೊತ್ತು ಅವಳನ್ನು ಎಬ್ಬಿಸುವ ಹಾಗಿಲ್ಲ, ಗಂಡನಾದರೂ ಸರಿಯೇ, ಗೌಡನಾದರೂ ಸರಿಯೇ. ಪೊಲೀಸರಿಗೂ ತಾಯಿ ಇರುತ್ತಾಳೆ, ಅವರೂ ಎಬ್ಬಿಸಲಾರರು ಎಂದು ನಂಬಿ ಕೂತಿದ್ದರು. ಸತ್ತ ತಂಗಿ ಲಕ್ಷ್ಮವ್ವ ಎಲ್ಲರಿಗಿಂತ ಹೆಚ್ಚು ನಂಬಿದ್ದಳು. ಉಳಿದವರು ಲಾಠಿ ಕಂಡು ಎದ್ದರು, ಅವಳು ಏಳಲಿಲ್ಲ.

“ನಮಗೇನ್ ಬ್ಯಾಡ್ರಿ,” ಎಂದಳು ಹಾಲವ್ವ. “ಲಕ್ಷ್ಮವ್ವ ಅಂತ ಅಕಿ ಹೆಸರು ಹೇಳ್ರಿ. ಜಾರಿ ಬಿದ್ಲು ಅನಬ್ಯಾಡ್ರಿ. ಅಕಿ ಜಾರಿಲ್ಲ. ಒಲಿ ಮುಂದಿಂದ ಜಗ್ಗಿ, ಮೆಟ್ಟಲ ಮ್ಯಾಲಿಂದ ನೂಕ್ಯಾರ.”

ಹಾಗೇ ಹೇಳುತ್ತೇವೆ ಎಂದೆ. ಜಯಸಿಂಹನ ಪರವಾಗಿ ಮಾತು ಕೊಡಲು ನಾನು ಯಾರೋ. ಭಾಷಾಂತರಕಾರನಿಗೆ ಇದೊಂದು ಚಟ, ಬೇರೆಯವರ ಮಾತನ್ನು ತನ್ನದೆಂಬಂತೆ ಆಡುವುದು.

ಬಾಗಿಲಲ್ಲಿ ಲಕ್ಷ್ಮವ್ವನ ಗಂಡ ಮರೆಪ್ಪ ಬೀದಿಯ ಕಡೆ ಮುಖ ಮಾಡಿ ಕೂತಿದ್ದ. ಟೀ ಕೊಟ್ಟರೆ ಆರುವವರೆಗೆ ಹಾಗೇ ಹಿಡಿದುಕೊಂಡಿದ್ದ. ಆ ಮನುಷ್ಯ ನನಗೆ ಹಿಡಿಸಲಿಲ್ಲ.

೧೩ ಏಪ್ರಿಲ್, ಭಾನುವಾರ

ನಮ್ಮ ಮನೆಯಲ್ಲೇ ಶೂಟಿಂಗ್. ಬೆಳಿಗ್ಗೆ ಎದ್ದು ಅಡುಗೆಮನೆಯ ಬಾಗಿಲು ತೆರೆದೆ. ಜಿರಳೆಗಳು ಸಂಸಾರ ಹೂಡಿದ್ದವು. ಒರೆಸಿ ತೊಳೆದೆ.

ಈ ಮನೆಗೆ ಬಂದ ದಿನ ಸರಸ್ವತಿ ಹಾಲು ಉಕ್ಕಿಸಲು ಹೋಗಿ, ಗೋಡೆಯ ಬುಡದಲ್ಲಿ ಮಸಿ ಕಂಡು ಸಿಡಿಮಿಡಿಗೊಂಡಿದ್ದಳು. ಹೊಸ ಮನೆ ಎಂದು ಹೇಳಿ ಯಾರೋ ಬೇಯಿಸಿಕೊಂಡು ತಿಂದ ಮನೆ ಕೊಟ್ಟಿದ್ದಾರೆ ಎಂದಳು. ಸುಣ್ಣ ಹೊಡೆಸಿದೆವು. ಎಲ್ಲ ಮನೆಗಳಲ್ಲೂ ಹೊಡೆಸಿರಬೇಕು.

ಇದನ್ನು ಹೇಳಿದ್ದೇ ತಡ, ಜಯಸಿಂಹ ಕ್ಯಾಮೆರಾ ಗೋಡೆಯ ಬುಡಕ್ಕೇ ಇಟ್ಟ. ಇದೇ ಲಕ್ಷ್ಮವ್ವ ಕೂತಿದ್ದ ಮನೆ ಎಂದು ಹಾಲವ್ವನಿಂದ ಹೇಳಿಸಿ ಎಂದು ನನ್ನ ಬೆನ್ನು ಬಿದ್ದ. ಅವಳು ನಾಲ್ಕೂ ಗೋಡೆ ನೋಡಿದಳು, ಕಿಟಕಿಯಿಂದ ಹೊರಗೆ ನೋಡಿದಳು. “ಎಲ್ಲಾ ಒಂದ ನಮೂನಿ ಅದಾವ್ರಿ. ಮೂರನೇ ಮಾಳಿಗಿ ಖರೆ. ಇದ ಅಂತ ಹೆಂಗ ಹೇಳ್ಲಿ?” ಎಂದಳು. ಎಷ್ಟು ಒತ್ತಾಯಿಸಿದರೂ ಹೇಳಲಿಲ್ಲ. ಜಯಸಿಂಹನಿಗೆ ನಿರಾಸೆಯಾಯಿತು. ನನಗೆ ಆ ಹೆಂಗಸಿನ ಮೇಲೆ ಗೌರವ ಬಂತು ಎಂದು ಬರೆಯಬಹುದು.

ಆಮೇಲೆ ನಮ್ಮ ಸ್ಟೋವಿನ ಮೇಲೆ ರೊಟ್ಟಿ ಮಾಡುತ್ತಾ ಆ ಬೆಳಗಿನದ್ದೆಲ್ಲ ಹೇಳಿದಳು. ಟೇಪು ಓಡಿತು. ಅವಳ ಎರಡೂ ಕೈ ಹಿಟ್ಟಾದ್ದರಿಂದ ರೊಟ್ಟಿ ಹೊತ್ತದಂತೆ ಮಗುಚಿ ಹಾಕುವ ಕೆಲಸ ನನ್ನದಾಯಿತು.

ಮರೆಪ್ಪನೂ ಬಂದಿದ್ದ, ಆದರೆ ಮೆಟ್ಟಿಲು ಹತ್ತಲಿಲ್ಲ. ಒಂದು ರೊಟ್ಟಿ ತೆಗೆದುಕೊಂಡು ಕೆಳಗೆ ಹೋಗಿ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, “ಅಕಿ ಇದಕ್ಕಿಂತ ದಪ್ಪ ಮಾಡ್ತಿದ್ಳರಿ” ಎಂದ. ಸರಸ್ವತಿ ಕಾಫಿಗೆ ಸಕ್ಕರೆ ಜಾಸ್ತಿ ಹಾಕುತ್ತಿದ್ದಳು ಎಂದೆ. ಯಾಕೆ ಹೇಳಿದೆನೋ, ಅವನು ಕೇಳಿರಲಿಲ್ಲ.

೨೮ ಜೂನ್, ಶನಿವಾರ

ತುರ್ತು ಪರಿಸ್ಥಿತಿ. ಆಫೀಸಿನಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದಾರೆ. ಲೋಕಲ್ ಹೊತ್ತಿಗೆ ಸರಿಯಾಗಿ ಬಂತು ಎಂದು ಮೇಲಿನ ಮನೆಯವರು ಸಂತೋಷಪಟ್ಟರು.

೬ ಜುಲೈ, ಭಾನುವಾರ

ಜಯಸಿಂಹ ಬೆಂಗಳೂರಿಗೆ ಹೋದ. ತಾಯಿಗೆ ಹುಷಾರಿಲ್ಲವಂತೆ. ಇರಬಹುದು, ಈ ವಾರ ಬಹಳ ಜನರ ತಾಯಂದಿರಿಗೆ ಹುಷಾರಿಲ್ಲ.

೨೦ ಜುಲೈ, ಭಾನುವಾರ

ಮೂರು ದಿನದಿಂದ ಮಳೆ. ಕುರ್ಲಾದಲ್ಲಿ ನೀರು ನುಗ್ಗಿದೆಯಂತೆ. ಹಾಲವ್ವನ ಖೋಲಿ ತಗ್ಗಿನಲ್ಲಿದೆ.

೨೨ ಆಗಸ್ಟ್, ಶುಕ್ರವಾರ

ಕಾಪಡಿಯಾ ಕರೆದರು. ಹುಡುಗ ಓಡಿಹೋದ, ತೆಗೆದ ಫಿಲ್ಮು ದಂಡವಾಗಬಾರದು ಎಂದರು. ಅವರು ಕೆಟ್ಟವರಲ್ಲ, ಹೆದರಿದ್ದಾರೆ. ಒಂದು ದಾರಿಯನ್ನೂ ಹುಡುಕಿದ್ದಾರೆ. ಚಿತ್ರದಲ್ಲಿ ಬಿಲ್ಡಿಂಗ್ ಇದೆ, ಅಡುಗೆಮನೆ ಇದೆ, ರೊಟ್ಟಿ ಮಾಡುವ ಬಡ ಹೆಂಗಸು ಇದ್ದಾಳೆ. ಪೊಲೀಸರಿಲ್ಲ, ಹೆಣವಿಲ್ಲ, ಅವೆಲ್ಲ ಮಾತಿನಲ್ಲಿ ಮಾತ್ರ ಇವೆ. ಆ ಮಾತು ತೆಗೆದು ಬೇರೆ ಮಾತು ಹಾಕಿದರೆ ಬಡವರಿಗೆ ಮನೆ ಎಂಬ ಸರಕಾರಿ ಚಿತ್ರವಾಗುತ್ತದೆ. ಒಂದು ಫ್ರೇಮನ್ನೂ ಕತ್ತರಿಸಬೇಕಾಗಿಲ್ಲ.

ಹಿಂದಿ, ಇಂಗ್ಲಿಷ್ ಆಗಲೇ ಬರೆಸಿದ್ದಾರೆ. ಕನ್ನಡ ನಾನು ಮಾಡಬೇಕು. ಆಗಲಿ ಎಂದೆ. ಮೇಜಿಗೆ ಬಂದು ಪೆನ್ನಿಗೆ ಇಂಕು ತುಂಬಿಸಿದೆ.

೯ ಸೆಪ್ಟೆಂಬರ್, ಮಂಗಳವಾರ

ಕಾಮೆಂಟರಿ ಮುಗಿಯಿತು. ಹಾಲವ್ವನ ಮುಖ ಬರುವಲ್ಲಿ ‘ಸ್ವಂತ ಸೂರಿನಡಿ ಮೊದಲ ಒಲೆ ಹಚ್ಚಿದ ಶ್ರಮಿಕ ಮಹಿಳೆಯ ಮೊಗದಲ್ಲಿ ಸಂತೃಪ್ತಿಯ ಕಳೆ’ ಎಂದು ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಬರೀ ಸಂತೋಷ ಎಂದಿತ್ತು. ಸಂತೃಪ್ತಿಯ ಕಳೆ ನನ್ನ ಕೊಡುಗೆ.

ಕೈ ತಾನಾಗಿಯೇ ಬರೆಯಿತು.

೭ ಅಕ್ಟೋಬರ್, ಮಂಗಳವಾರ

ಇವತ್ತು ರೆಕಾರ್ಡಿಂಗ್. ಒಂದೇ ಸಲಕ್ಕೆ ಓದಿ ಮುಗಿಸಿದೆ. ಮುಗಿದ ಮೇಲೂ ರೆಕಾರ್ಡಿಸ್ಟ್ ಯಂತ್ರ ನಿಲ್ಲಿಸಿರಲಿಲ್ಲ. ಕೇಳಿಸಿ ನೋಡುವಾಗ ನನ್ನ ದನಿ ನಿಂತಿತು, ಸ್ವಲ್ಪ ಹೊತ್ತು ಬರೀ ಗಾಳಿ, ಆಮೇಲೆ ಬೇರೆ ದನಿ ಬಂತು. “ರಾಯರ, ಹೊತ್ತಾಕತ್ತೈತಿ ನೋಡ್ರಿ. ಮಗಚ್ರಿ, ಮಗಚ್ರಿ.”

ಟೇಪು ತುಟ್ಟಿ. ಹಳೆಯದರ ಮೇಲೇ ಹೊಸದನ್ನು ಮುದ್ರಿಸುವುದು ನಮ್ಮಲ್ಲಿ ಮೊದಲಿಂದಲೂ ರೂಢಿ. ನನಗೂ ಗೊತ್ತಿತ್ತು. ಏಪ್ರಿಲಿನಲ್ಲಿ ಅವಳು ಹೇಳಿದ್ದೆಲ್ಲ ಈ ಸ್ಪೂಲಿನಲ್ಲೇ ಇತ್ತು, ಅದರ ಮೇಲೆ ಈಗ ನಾನು ಓದಿದ್ದೇನೆ. ಬೇರೆ ಪ್ರತಿ ಇದೆಯೇ ಎಂದು ಕೇಳಿದೆ. ಇಲ್ಲ ಎಂದ. ಲಕ್ಷ್ಮವ್ವ, ಮೆಟ್ಟಿಲು, ಲಾಠಿ ಎಲ್ಲ ನನ್ನ ದನಿಯ ಕೆಳಗೆ ಹೋಯಿತು. ಉಳಿದದ್ದು ಒಂದು ರೊಟ್ಟಿಯ ಮಾತು ಮಾತ್ರ.

ಅದನ್ನು ಮತ್ತೊಮ್ಮೆ ಹಾಕು ಎಂದೆ. ಹಾಕಿದ. ಇನ್ನೊಂದು ಸಲ ಹಾಕೆಂದಾಗ ಅವನು ನನ್ನ ಮುಖ ನೋಡಿದ.

೧೬ ನವೆಂಬರ್, ಭಾನುವಾರ

ಜೋಳದ ಹಿಟ್ಟು ತಂದೆ. ರೊಟ್ಟಿ ತಟ್ಟಲು ಹೋದರೆ ಎಲ್ಲ ಹರಿಯಿತು. ತುಂಡುಗಳನ್ನೇ ತಿಂದೆ.

೭ ಡಿಸೆಂಬರ್, ಭಾನುವಾರ

ಕುರ್ಲಾಕ್ಕೆ ಹೋಗಬೇಕೆಂದು ಸ್ಟೇಷನ್ನಿಗೆ ಹೋದೆ. ಟಿಕೆಟ್ಟೂ ತೆಗೆದುಕೊಂಡೆ. ಮೂರು ಗಾಡಿ ಬಂದು ಹೋದವು, ಮನೆಗೆ ವಾಪಸು ಬಂದೆ.

೯ ಜನವರಿ ೧೯೭೬, ಶುಕ್ರವಾರ

ಪ್ರಚಾರದ ವ್ಯಾನು ಕೂಲಿಕಾರರ ಬಸ್ತಿಗಳಲ್ಲಿ ಚಿತ್ರ ತೋರಿಸುತ್ತಿದೆ. ಕನ್ನಡದವರು ಹೆಚ್ಚಿರುವ ಕಡೆ ಕನ್ನಡದ ಪ್ರತಿ. ಮುಂದಿನ ವಾರ ಕುರ್ಲಾ. ಸರಕಾರದ ಒಬ್ಬ ಅಧಿಕಾರಿ ಬರುತ್ತಾನೆ, ಅವನಿಗೆ ಕನ್ನಡ ಬಾರದು, ಜೊತೆಗೆ ನೀನು ಹೋಗು ಎಂದರು ಕಾಪಡಿಯಾ. ಬೇರೆ ಯಾರಾದರೂ ಹೋಗಬಹುದೇ ಎಂದು ಕೇಳಿದೆ. ನಮ್ಮಲ್ಲಿ ಇನ್ನೊಬ್ಬ ಕನ್ನಡಿಗ ಎಲ್ಲಿದ್ದಾನೆ ಎಂದು ನಕ್ಕರು.

೧೮ ಜನವರಿ, ಭಾನುವಾರ, ಬೆಳಿಗ್ಗೆ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಕತ್ತಲಾಗುತ್ತಲೇ ಎರಡು ಕಂಬಗಳ ನಡುವೆ ಪರದೆ ಕಟ್ಟಿದರು. ಬಸ್ತಿಯೆಲ್ಲ ಬಂದು ನೆಲದ ಮೇಲೆ ಕೂತಿತ್ತು. ಹಾಲವ್ವ ಹೊಸ ಸೀರೆ ಉಟ್ಟಿದ್ದಳು. ನನ್ನನ್ನು ಕಂಡು, ಎಷ್ಟು ದಿನ ಆಯಿತು, ಸೊರಗಿದ್ದೀರಿ ಎಂದಳು. ಪಿಚ್ಚರ್ ಆಯಿತೆಂದು ಎಲ್ಲರಿಗೂ ಹೇಳಿ ಕರೆತಂದಿದ್ದಳು. ಬದಲಾಗಿದೆ ಎಂದು ಆಗಲೇ ಹೇಳಬೇಕಿತ್ತು. ಹೇಳದೆ ಪ್ರೊಜೆಕ್ಟರಿನ ಪಕ್ಕ ಹೋಗಿ ಕೂತೆ.

ಕಾಲನಿ ಬಂತು, ಜನ ಗುರುತಿಸಿ ಗದ್ದಲ ಮಾಡಿದರು. ನನ್ನ ದನಿ ಯೋಜನೆಯ ಗುಣಗಾನ ಮಾಡುತ್ತಾ ಹೋಯಿತು. ಗದ್ದಲ ನಿಧಾನವಾಗಿ ಇಳಿಯಿತು. ಪರದೆಯ ತುಂಬ ಹಾಲವ್ವನ ಮುಖ ಬಂತು. ಅವಳ ತುಟಿ ಆಡುತ್ತಿತ್ತು, ನನ್ನ ದನಿ ಬರುತ್ತಿತ್ತು. ಸ್ವಂತ ಸೂರಿನಡಿ ಎಂದು ಶುರುವಾಯಿತು. ನಾನು ಕೈ ಚಾಚಿ ಪ್ರೊಜೆಕ್ಟರಿನ ಶಬ್ದದ ಗುಂಡಿ ತಿರುಗಿಸಿಬಿಟ್ಟೆ. ಯೋಚಿಸಿ ಮಾಡಿದ್ದಲ್ಲ.

ಯಂತ್ರ ಕೆಟ್ಟಿತೆಂದು ಹಿಂದಿನಿಂದ ಶಿಳ್ಳೆ ಬಿತ್ತು. ಆಪರೇಟರ್ ನನ್ನ ಕೈ ಸರಿಸಲು ನೋಡಿದ, ನಾನು ಬಿಡಲಿಲ್ಲ. ಪರದೆಯ ಮೇಲೆ ಅವಳು ಸದ್ದಿಲ್ಲದೆ ರೊಟ್ಟಿ ಬಡಿಯುತ್ತಾ ಏನೋ ಹೇಳುತ್ತಿದ್ದಳು. ಆಗ ಹಾಲವ್ವ ಎದ್ದು ಪರದೆಯ ಪಕ್ಕಕ್ಕೆ ಹೋಗಿ ನಿಂತಳು. ನಾನು ಅಲ್ಲಿ ಏನು ಹೇಳಿದ್ದೆನೋ ಅದನ್ನೇ ಹೇಳುತ್ತೇನೆ ಎಂದು ಶುರುಮಾಡಿದಳು. ಗುಡಿಸಲು ಕೆಡವಿದ್ದು, ಮೊದಲ ಒಲೆ, ಹೊಗೆ, ಲಾಠಿ, ಕಂಬಿಯಿಲ್ಲದ ಮೆಟ್ಟಿಲು ಎಲ್ಲ ಹೇಳಿದಳು. ದನಿ ಏರಿಸಲಿಲ್ಲ. ಆ ದಿನ ಅಲ್ಲಿದ್ದ ಹೆಂಗಸರು ನಡುನಡುವೆ ಹೌದು, ಹೌದು ಎನ್ನುತ್ತಿದ್ದರು. ಟೇಪಿನಲ್ಲಿ ಅಳಿಸಿಹೋಗಿದ್ದರಲ್ಲಿ ಒಂದು ಮಾತೂ ಬಿಟ್ಟುಹೋಗಲಿಲ್ಲ.

ಅಧಿಕಾರಿ ನನ್ನ ಹತ್ತಿರ ಬಂದು, ಏನು ಹೇಳುತ್ತಿದ್ದಾಳೆ ಎಂದು ಹಿಂದಿಯಲ್ಲಿ ಕೇಳಿದ. ಈ ದಿನಗಳಲ್ಲಿ ಇದಕ್ಕಿಂತ ಕಡಿಮೆ ಮಾತಿಗೆ ಜನ ಜೈಲಿಗೆ ಹೋಗಿದ್ದಾರೆ. ತೀರಿಹೋದ ತಂಗಿಯನ್ನು ನೆನೆಸಿಕೊಳ್ಳುತ್ತಿದ್ದಾಳೆ ಎಂದೆ. ಅವಳನ್ನು ಕಾಪಾಡಿದೆ ಅಂದುಕೊಂಡೆ.

ಹಾಲವ್ವ ಮಾತು ನಿಲ್ಲಿಸಿ ನಮ್ಮ ಕಡೆಗೆ ಬಂದಳು.

“ಅಷ್ಟ ಅಂದಿಲ್ಲ ನಾ. ಪೂರಾ ಹೇಳ್ರಿ.”

ಅವಳಿಗೆ ಹಿಂದಿ ಬರುತ್ತದೆ. ಇಪ್ಪತ್ತು ವರ್ಷದಿಂದ ಈ ಊರಲ್ಲಿ ಇಟ್ಟಿಗೆ ಹೊತ್ತವಳಿಗೆ ಬಾರದೆ ಇರುತ್ತದೆಯೇ? ಒಂದು ವರ್ಷದಿಂದ ಅವಳ ಮಾತು ತಿರುಗಿಸುತ್ತಿದ್ದೇನೆ, ನನಗೆ ಅದು ಹೊಳೆದೇ ಇರಲಿಲ್ಲ.

ಕಾಲ ಸರಿಯಿಲ್ಲ ಹಾಲವ್ವ, ನಿನಗೇ ತೊಂದರೆ ಎಂದು ಮೆಲ್ಲಗೆ ಹೇಳಿದೆ. ಬೇಕಿದ್ದರೆ ನೀನೇ ಹಿಂದಿಯಲ್ಲಿ ಹೇಳು ಎಂದೂ ಅಂದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

“ನಾ ಹೇಳಿದ್ರ ಕೂಲಿ ಹೆಂಗಸು ಒದರತಾಳ ಅಂತಾನ,” ಎಂದಳು. “ಸುಳ್ಳು ನಿಮ್ಮ ಬಾಯಿಲೆ ಹೋಗೈತಿ ರಾಯರ. ಖರೇನೂ ನಿಮ್ಮ ಬಾಯಿಲೆ ಹೋಗ್ಲಿ.”

ಎಲ್ಲರೂ ನೋಡುತ್ತಿದ್ದರು. ರೀಲು ಮುಗಿದು ಪರದೆ ಬೆಳ್ಳಗಾಗಿತ್ತು. ನಾನು ಎದ್ದು ನಿಂತು ಅಧಿಕಾರಿಗೆ ಹೇಳಿದೆ. ಮೊದಲು ಹೇಳಿದ್ದು ತಪ್ಪು, ಚಿತ್ರದಲ್ಲಿ ನಾನು ಓದಿದ್ದೂ ಸುಳ್ಳು ಎಂದೆ. ಈ ಹೆಂಗಸರು ಕಟ್ಟಿದ ಮನೆಯಲ್ಲಿ ಒಲೆ ಹಚ್ಚಿ ಕೂತಿದ್ದರು, ಒಬ್ಬಳನ್ನು ಒಲೆಯ ಮುಂದಿನಿಂದ ಎಳೆದು ಮೆಟ್ಟಿಲ ಮೇಲಿಂದ ನೂಕಿದರು, ಅವಳು ಕಾಲು ಜಾರಿ ಬೀಳಲಿಲ್ಲ ಎಂದೆ. ‘ಹೀಗೆಂದು ಅವಳು ಹೇಳುತ್ತಾಳೆ’ ಎಂದು ಸೇರಿಸಲಿಲ್ಲ. ಎರಡು ಕಡೆ ಹಿಂದಿಯೇ ತಪ್ಪಿತು. ಹಾಲವ್ವ ಒಂದೊಂದು ವಾಕ್ಯಕ್ಕೂ ತಲೆಯಾಡಿಸುತ್ತಾ ಸರಿನೋಡಿಕೊಳ್ಳುತ್ತಿದ್ದಳು.

ಅಧಿಕಾರಿ ಬಯ್ಯಲಿಲ್ಲ. ವರದಿ ಮಾಡಲೇಬೇಕಾಗುತ್ತದೆ ಎಂದು ಜೇಬಿನಿಂದ ಕಾಗದ ತೆಗೆದು, ಟಾರ್ಚು ಹಿಡಿಯಲು ಆಪರೇಟರಿಗೆ ಹೇಳಿದ. ಸತ್ತವಳ ಹೆಸರೇನು ಎಂದು ಕೇಳಿದ. ಲಕ್ಷ್ಮವ್ವ ಎಂದೆ. ನಿಧಾನವಾಗಿ ಹೇಳಿ ಎಂದ, ಮತ್ತೆ ಹೇಳಿದೆ. ಹಾಲವ್ವನಿಗೆ ಓದು ಬಾರದು, ಆದರೂ ಬಗ್ಗಿ ಕಾಗದವನ್ನೇ ನೋಡುತ್ತಿದ್ದಳು.

“ಬರದ್ನೇನ್ರಿ?”

“ಬರೆದ.”

ಅವಳು ಅದನ್ನು ಹಿಂದೆ ಕೂತವರಿಗೆ ಹೇಳಿದಳು. ಅವರು ಅವರ ಹಿಂದಿನವರಿಗೆ ಹೇಳಿದರು.

ಆಮೇಲೆ ಅಧಿಕಾರಿ ನನ್ನ ಹೆಸರು ಕೇಳಿದ. ಭಯವಾಯಿತು. ಹಾಲವ್ವನ ಹೆಗಲು ಹಿಡಿದುಕೊಂಡೆ. ಸತ್ಯಮೂರ್ತಿ ಎಂದು ಹೇಳಿದೆ. ಲಕ್ಷ್ಮವ್ವನ ಹೆಸರಿನ ಕೆಳಗೆ ಅದನ್ನೂ ಬರೆದುಕೊಂಡ.